ನಾಂತೆಯ ಫೋನಿನಲ್ಲಿ ನಾಲ್ಕು ದಿನ

ಕ್ಯಾಂಪಿನಲ್ಲಿದ್ದ ಫಿಲಿಪಿನೋಗಳು ಇನ್ನೂರ ಹದಿನೆಂಟು ಮಂದಿ. ಅವರಲ್ಲಿ ಆನ್ಸೆಲ್ಮ್ ಪಿಂಟೋನಿಗೆ ಫೇಸ್‌ಬುಕ್ಕಿನಲ್ಲಿ ಫ್ರೆಂಡ್ ಆಗದವರು ಇದ್ದರೆ ಇಬ್ಬರೋ ಮೂವರೋ. ಅವನಾಗಿ ಯಾರ ಹಿಂದೆಯೂ ಹೋದವನಲ್ಲ. ಬೆಳಿಗ್ಗೆ ಒಬ್ಬನಿಗೆ ಹೊಸ ಹಾಸಿಗೆ ಕೊಡಿಸಿದರೆ ಮಧ್ಯಾಹ್ನದ ಹೊತ್ತಿಗೆ ಅವನ ರಿಕ್ವೆಸ್ಟ್ ಬಂದಿರುತ್ತಿತ್ತು; ಸಂಜೆಗೆ ಅವನ ಹೆಂಡತಿಯದು; ಮರುದಿನ ಊರಿನಲ್ಲಿದ್ದ ಅತ್ತೆಯದು. ಬೆಳ್ಮಣ್ಣಿನ ಆನ್ಸೆಲ್ಮ್ ತನ್ನ ಸ್ವಂತ ಷಡ್ಡಕನ ಮಕ್ಕಳ ಹೆಸರು ಮರೆತಿರಬಹುದು, ಆದರೆ ಕ್ರೇನ್ ಓಡಿಸುವವನ ಮಗಳು ಯಾವ ಕ್ಲಾಸು, ಅಡುಗೆಯವನ ತಾಯಿಗೆ ಯಾವ ಕಣ್ಣಿನ ಆಪರೇಷನ್ ಎಂಬುದೆಲ್ಲ ಅವನಿಗೆ ಬಾಯಿಪಾಠ. ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಕುಯಾ ಎಂದು. ಹಾಗೆಂದರೆ ಅವರ ಮಾತಿನಲ್ಲಿ ಅಣ್ಣ.

ಕತಾರಿನ ವಿಶ್ವಕಪ್ಪಿಗೆ ಇನ್ನೂ ಮೂರು ವರ್ಷವಿದ್ದ ಕಾಲ. ಒಂದು ಸ್ಟೇಡಿಯಮ್ಮಿನ ಸುತ್ತಲಿನ ರಸ್ತೆ, ಪಾರ್ಕಿಂಗು, ಮೇಲ್ಸೇತುವೆಗಳ ಕೆಲಸ ಇವರ ಕಂಪನಿಯದು. ಆನ್ಸೆಲ್ಮ್ ಅಲ್ಲಿ ವೆಲ್ಫೇರ್ ಆಫೀಸರ್. ಹೆಸರು ದೊಡ್ಡದು, ಕೆಲಸವೆಂದರೆ ಕೆಟ್ಟ ಏಸಿ ರಿಪೇರಿ ಮಾಡಿಸುವುದು, ಜ್ವರ ಬಂದವರನ್ನು ಕ್ಲಿನಿಕ್ಕಿಗೆ ಒಯ್ಯುವುದು, ಶುಕ್ರವಾರ ಇಗರ್ಜಿಗೆ ಹೋಗುವವರನ್ನು ಬಸ್ಸಿಗೆ ಹತ್ತಿಸುವುದು. ಅವನೂ ಅದೇ ಬಸ್ಸಿನಲ್ಲಿ ಹೋಗುತ್ತಿದ್ದ. ಪಕ್ಕದ ಸೀಟಿನಲ್ಲಿ ಯಾವಾಗಲೂ ರೇನಾಂತೆ. ಸಾರುವೆ ಕಟ್ಟಿಸುವ ಸ್ಕಫೋಲ್ಡಿಂಗ್ ಫೋರ್‌ಮನ್, ನಲವತ್ತೊಂದರ ಗಟ್ಟಿ ಆಳು. ಎಲ್ಲರ ಬಾಯಲ್ಲಿ ನಾಂತೆ.

ನಾಂತೆ ಬಸ್ಸು ಹೊರಟ ಕೂಡಲೇ ಫೋನು ತೆಗೆಯುತ್ತಿದ್ದ. ಮಗಳು ಪ್ರಿನ್ಸೆಸ್ ಹಾಡಿದ್ದು, ಹೆಂಡತಿ ಜೆನಲಿನ್ ಮನೆಯ ಗೇಟಿಗೆ ಬಣ್ಣ ಹೊಡೆಸಿದ್ದು, ನಾಯಿ ಮರಿ ಹಾಕಿದ್ದು, ಎಲ್ಲವನ್ನೂ ತೋರಿಸುತ್ತಿದ್ದ. ಆ ವರ್ಷ ಸೆಪ್ಟೆಂಬರ್ ಒಂದನೇ ತಾರೀಕಿಗೇ ಅವನ ಪುಟದ ತುಂಬ ಕ್ರಿಸ್ಮಸ್ ಗಂಟೆ, ನಕ್ಷತ್ರ.

“ಇದೆಂತದು ಮಾರಾಯ, ಈಗಲೇ?” ಎಂದು ಆನ್ಸೆಲ್ಮ್ ನಕ್ಕಿದ್ದ.

“ನಮ್ಮಲ್ಲಿ ಸೆಪ್ಟೆಂಬರ್ ಬಂತೆಂದರೆ ಕ್ರಿಸ್ಮಸ್ ಬಂದ ಹಾಗೇ, ಕುಯಾ. ಈ ಸಲ ರಜೆ ಸಿಕ್ಕಿದೆಯಲ್ಲ, ನನಗೆ ಆಗಸ್ಟಿನಲ್ಲೇ ಶುರುವಾಗಬೇಕಿತ್ತು.”

ಎರಡು ವಾರ ಕಳೆದು ಒಂದು ಸೋಮವಾರ ಬೆಳಿಗ್ಗೆ ಹತ್ತೂವರೆಗೆ, ಸೈಟಿನ ಸ್ಟೋರಿನಲ್ಲಿ ಸೇಫ್ಟಿ ಬೆಲ್ಟುಗಳ ಲೆಕ್ಕ ನೋಡುತ್ತಿದ್ದ ನಾಂತೆ ಹೆಲ್ಮೆಟ್ ತೆಗೆದು, ಮುಖ ಒರೆಸಿಕೊಂಡು, ನಿಂತಲ್ಲೇ ಕುಸಿದ. ಸೆಕೆ ಹೊರಗೆ ನಲವತ್ತೆರಡು ದಾಟಿತ್ತು. ಆ ಹೊತ್ತಿಗೆ ಅಲ್ಲಿದ್ದವರು ಸ್ಟೋರ್‌ಕೀಪರ್ ಮತ್ತು ಯಾವುದೋ ಸಹಿಗೆ ಬಂದಿದ್ದ ಆನ್ಸೆಲ್ಮ್, ಇಬ್ಬರೇ. ಆಂಬುಲೆನ್ಸಿನಲ್ಲಿ ಆನ್ಸೆಲ್ಮನೇ ಜೊತೆಗೆ ಹೋದ. ದಾರಿಯಲ್ಲಿ ನಾಂತೆಯ ಎದೆ ನಿಂತಿತು, ಎಮರ್ಜೆನ್ಸಿಯಲ್ಲಿ ಮತ್ತೆ ನಡೆಯಿತು. ಹನ್ನೆರಡು ಗಂಟೆಗೆ ಅವನನ್ನು ಐಸಿಯುಗೆ ಹಾಕಿ ಉಸಿರಿನ ಮಿಷಿನ್ ಜೋಡಿಸಿದರು. ಬೂಟು, ಐಡಿ ಕಾರ್ಡು, ಕೊರಳಿನ ಶಿಲುಬೆ, ಫೋನು, ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಆನ್ಸೆಲ್ಮನ ಕೈಗೆ ಕೊಟ್ಟರು. ಮಿದುಳಿಗೆ ಎಷ್ಟು ಹೊತ್ತು ರಕ್ತ ಹೋಗಿಲ್ಲವೋ ಗೊತ್ತಿಲ್ಲ, ಮೂರು ದಿನ ಕಳೆಯಬೇಕು, ಮನೆಯವರಿಗೆ ತಿಳಿಸಿ ಎಂದರು ಡಾಕ್ಟರು.

ಅಡ್ಮಿನ್ ಮ್ಯಾನೇಜರ್ ದೊರೆಸ್ವಾಮಿ ಒಂದು ಗಂಟೆಗೆ ಬಂದರು. ಮೈಸೂರಿನವರು, ಯಾರ ಮೇಲೂ ಧ್ವನಿ ಎತ್ತಿದವರಲ್ಲ. ಕಾರಿಡಾರಿನ ಮಿಷಿನ್ನಿನಿಂದ ಎರಡು ಕಪ್ ಚಹಾ ತಂದು ಒಂದನ್ನು ಆನ್ಸೆಲ್ಮನಿಗೆ ಕೊಟ್ಟು ಪಕ್ಕದಲ್ಲಿ ಕೂತರು.

“ಏನಪ್ಪಾ, ಹೇಗಿದ್ದಾನೆ?”

“ಮಿಷಿನ್‌ನಲ್ಲಿ ಉಸಿರು ಹೋಗ್ತಾ ಉಂಟು ಸಾರ್. ಎಚ್ಚರ ಇಲ್ಲ. ಮನೆಯವರಿಗೆ ಫೋನ್ ಮಾಡ್ಲಿಕ್ಕೆ ಹೇಳಿದ್ರು.”

“ಮಾಡೋಣ, ಮಾಡೋಣ. ಗುರುವಾರ ಯಾರು ಬರ್ತಾರೆ ಗೊತ್ತಲ್ಲ?”

ಗೊತ್ತಿತ್ತು. ಕಾರ್ಮಿಕರ ಸ್ಥಿತಿಗತಿ ನೋಡಲು ಯುರೋಪಿನಿಂದ ಒಂದು ತಂಡ ಬರುವುದಿತ್ತು. ಕ್ಯಾಂಪಿಗೆ ಸುಣ್ಣ ಬಣ್ಣ ಬಳಿದು, ಕ್ಯಾಂಟೀನಿಗೆ ಹೊಸ ಕುರ್ಚಿ ಹಾಕಿ ಒಂದು ವಾರವಾಗಿತ್ತು.

“ನಿನ್ನ ಈ ಫಿಲಿಪಿನೋಗಳಿಗೆ ಒಂದು ಮಾತು ಸಿಕ್ಕಿದ್ರೆ ಸಾಕು,” ದೊರೆಸ್ವಾಮಿ ಚಹಾ ಊದಿಕೊಂಡರು. “ಈ ಟೀ ಆರೋದ್ರೊಳಗೆ ಮನಿಲಾದಲ್ಲಿರುತ್ತೆ. ಒಂದು ಕಡೆ ಸ್ಟೇಡಿಯಂ ಫೋಟೋ, ಇನ್ನೊಂದು ಕಡೆ ಇವನ ಫೋಟೋ, ನಡುವೆ ಮೇಣದ ಬತ್ತಿ. ಆಮೇಲೆ ನಾನೂ ಇರಲ್ಲ, ನೀನೂ ಇರಲ್ಲ. ಗುರುವಾರ ಮಧ್ಯಾಹ್ನದ ತನಕ ತಡೆದುಕೋ. ಅಷ್ಟರಲ್ಲಿ ಅವನೇ ಎದ್ದು ಕೂತ್ಕೋಬಹುದು. ಸುಮ್ಮನೆ ಹೆಂಗಸನ್ನ ಯಾಕೆ ಹೆದರಿಸ್ಬೇಕು?”

ಚೀಲದೊಳಗಿನ ಫೋನು ಅಷ್ಟು ಹೊತ್ತಿನಿಂದ ಗುಂಯ್‌ಗುಡುತ್ತಲೇ ಇತ್ತು. ದೊರೆಸ್ವಾಮಿ ಅದನ್ನು ನೋಡಿದರು.

“ಲಾಕ್ ಗೊತ್ತಾ ನಿನಗೆ?”

ಶುಕ್ರವಾರಗಳಲ್ಲಿ ನೂರು ಸಲ ಕಣ್ಣೆದುರು ತೆರೆದ ಫೋನು. ಚುಕ್ಕಿಗಳ ಮೇಲೆ ಬೆರಳಿನಿಂದ ಇಂಗ್ಲಿಷಿನ ಎನ್ ಅಕ್ಷರ ಬರೆದರೆ ಆಯಿತು. ಗೊತ್ತಿಲ್ಲ ಎಂದು ಆನ್ಸೆಲ್ಮ್ ಹೇಳಬಹುದಿತ್ತು. ಆದರೆ ಹೆಂಡತಿ ಹಿಲ್ಡಾ ಮತ್ತು ಮಗಳನ್ನು ದೋಹಾಕ್ಕೆ ಕರೆಸಿಕೊಳ್ಳುವ ಫ್ಯಾಮಿಲಿ ವೀಸಾದ ಪತ್ರ ಎರಡು ತಿಂಗಳಿನಿಂದ ದೊರೆಸ್ವಾಮಿಯ ಮೇಜಿನ ಮೇಲಿತ್ತು, ಅದಕ್ಕೊಂದು ಸಹಿ ಬೀಳಬೇಕಿತ್ತು. ದೋಹಾ ಅಲ್ ಜದೀದಾ ಬಡಾವಣೆಯಲ್ಲಿ ಆರು ಜನರೊಂದಿಗೆ ಒಂದು ಬಾತ್‌ರೂಮು ಹಂಚಿಕೊಂಡು ಏಳು ವರ್ಷ ಕಳೆದವನು ಅವನು.

“ಗೊತ್ತುಂಟು ಸಾರ್,” ಎಂದ.

ಫೋನಿನಲ್ಲಿ ನಾಂತೆಯ ಕ್ಯಾಂಪ್ ರೂಮಿನ ಏಳು ಜನರ ಒಂದು ಗ್ರೂಪ್ ಇತ್ತು. ನಾಂತೆ ಎಲ್ಲಿ, ಏನಾಯಿತು, ಆಂಬುಲೆನ್ಸ್ ಯಾಕೆ ಬಂತು ಎಂದು ಎಲ್ಲರೂ ಕೇಳುತ್ತಿದ್ದರು. ದೊರೆಸ್ವಾಮಿ ಹೇಳಿಕೊಟ್ಟ ಹಾಗೆ ಆನ್ಸೆಲ್ಮ್ ನಾಂತೆಯ ಹೆಸರಿನಲ್ಲೇ ಇಂಗ್ಲಿಷಿನಲ್ಲಿ ಬರೆದ: ಸೆಕೆಗೆ ತಲೆ ತಿರುಗಿತು, ಡ್ರಿಪ್ ಹಾಕಿದ್ದಾರೆ, ನಾಲ್ಕು ದಿನ ಇಟ್ಟುಕೊಳ್ಳುತ್ತಾರಂತೆ, ಒಳಗೆ ಯಾರನ್ನೂ ಬಿಡುವುದಿಲ್ಲ, ಜೆನ್‌ಗೆ ಹೇಳಬೇಡಿ, ಸುಮ್ಮನೆ ಗಾಬರಿಯಾಗುತ್ತಾಳೆ. ಬರೆದು ಕಳಿಸಿದ ಕೂಡಲೇ ಹೆಬ್ಬೆಟ್ಟುಗಳು, ನಗುವ ಮುಖಗಳು ಬಂದವು. “ಮುದುಕನಾದೆ” ಎಂದು ಮೇಲಿನ ಮಂಚದ ಬೊಯೆಟ್ ಕೆಣಕಿದ. ಆನ್ಸೆಲ್ಮನೂ ಒಂದು ನಗುವ ಮುಖ ಒತ್ತಿದ.

“ನೋಡು, ಎಷ್ಟು ಸುಲಭ,” ಎಂದರು ದೊರೆಸ್ವಾಮಿ.

ಸಂಜೆ ಜೆನಲಿನಳ ಮೆಸೇಜುಗಳು ಶುರುವಾದವು. ಆ ಹೊತ್ತಿಗೆ ಅವಳು ಮಗಳನ್ನು ಮಲಗಿಸಿ ಗಂಡನೊಂದಿಗೆ ಮಾತಾಡುವುದು ರೂಢಿ. ವಿಡಿಯೋ ಕಾಲು ಕತಾರಿನಲ್ಲಿ ಹತ್ತು ಸಲ ಮಾಡಿದರೆ ಒಂದು ಸಲ ಹತ್ತುತ್ತಿತ್ತು, ಹಾಗಾಗಿ ನೆಟ್ಟಿನ ಮೇಲೆ ಹಾಕಿದರೆ ಯಾರೂ ಅನುಮಾನ ಪಡುತ್ತಿರಲಿಲ್ಲ. ಆನ್ಸೆಲ್ಮ್ ಹಳೆಯ ಮಾತುಕತೆಯನ್ನು ಮೇಲೆ ಮೇಲೆ ಎಳೆದು ಓದಿದ. ನಾಂತೆ ಹೆಂಡತಿಯನ್ನು ಏನೆಂದು ಕರೆಯುತ್ತಾನೆ (ಮಹಲ್, ಅಂದರೆ ಅವರ ಮಾತಿನಲ್ಲಿ ಪ್ರೀತಿಯವಳೇ ಎಂದು), ಯಾವ ಸ್ಟಿಕರ್ ಹಾಕುತ್ತಾನೆ, ಮಲಗುವ ಮೊದಲು ಏನು ಬರೆಯುತ್ತಾನೆ ಎಲ್ಲ ಅಲ್ಲಿ ಇತ್ತು. ಗಂಡ ಹೆಂಡಿರ ನಡುವಿನ, ಹೊರಗಿನವರು ಓದಬಾರದ ಮಾತುಗಳೂ ಇದ್ದವು. ಅವನ್ನೂ ಓದಿದ. ಅರ್ಧ ಇಂಗ್ಲಿಷ್, ಅರ್ಧ ಅವರ ದ್ವೀಪದ ಮಾತು. ಇಂಗ್ಲಿಷಿನ ಅರ್ಧದಲ್ಲೇ ಆನ್ಸೆಲ್ಮನ ಬಂಡಿ ಓಡಿತು. ಇವತ್ತು ಸುಸ್ತಾಗಿದೆ ಮಹಲ್, ಬೇಗ ಮಲಗುತ್ತೇನೆ ಎಂದು ಬರೆದು, ಕರಡಿಮರಿ ತಬ್ಬಿಕೊಳ್ಳುವ ಸ್ಟಿಕರ್ ಹಾಕಿದ. ಅವಳು ಮುತ್ತಿನ ಸ್ಟಿಕರ್ ಹಾಕಿದಳು.

ಮಂಗಳವಾರ ಬೆಳಿಗ್ಗೆ ಅವನಿಗೆ ಭಯವಿರಲಿಲ್ಲ. ಬದಲಿಗೆ, ಹೇಳಲು ನಾಚಿಕೆಯಾಗುವಂಥ ಒಂದು ಉಮೇದು ಇತ್ತು. ನಾಂತೆ ದಿನಕ್ಕೆ ಮೂವತ್ತು ನಲವತ್ತು ಲೈಕ್ ಒತ್ತುವ ಮನುಷ್ಯ. ಸುಮ್ಮನಿದ್ದರೆ ಜನ ಕೇಳುತ್ತಾರೆ. ಸೈಟ್ ಆಫೀಸಿನಲ್ಲಿ ಕೂತು ಆನ್ಸೆಲ್ಮ್ ಬಂದದ್ದಕ್ಕೆಲ್ಲ ಒತ್ತುತ್ತಾ ಹೋದ. ನಾಮಕರಣದ ಕೇಕಿಗೆ ಒಂದು, ಮಾರಾಟಕ್ಕಿಟ್ಟ ಹಳೆಯ ಫ್ಯಾನಿಗೆ ಒಂದು, ಊರಿಗೆ ಕಳಿಸಲು ಕಟ್ಟಿಟ್ಟ ಪೆಟ್ಟಿಗೆಯ ಮುಂದೆ ಬೆರಳೆತ್ತಿ ನಿಂತವನಿಗೆ ಒಂದು, ಒಬ್ಬ ಮುದುಕನ ಹಳೆಯ ಫೋಟೋದ ಮುಂದೆ ಹಚ್ಚಿಟ್ಟ ದೀಪಕ್ಕೆ ಒಂದು. ಪ್ರಿನ್ಸೆಸ್ ಶಾಲೆಯ ಸ್ಪರ್ಧೆಯಲ್ಲಿ ಹಾಡಿ ಎರಡನೇ ಬಹುಮಾನ ಗೆದ್ದ ವಿಡಿಯೋ ಬಂದಿತ್ತು. ಅದಕ್ಕೆ ಹಾರ್ಟ್ ಒತ್ತಿ, ಹೆಮ್ಮೆಯ ಪಪ್ಪಾ ಎಂದು ಕೆಳಗೆ ಬರೆದ. ಹತ್ತು ನಿಮಿಷದಲ್ಲಿ ಚಿಕ್ಕಮ್ಮಂದಿರು, ಟೀಚರು, ಹಳೆಯ ಸಹಪಾಠಿಗಳು ಎಲ್ಲ ಬಂದು ಆ ಮಾತಿನ ಕೆಳಗೆ ಜಮಾಯಿಸಿದರು.

ಜೆನಲಿನ್ ಒಂದು ಸೆಲ್ಫಿ ಕೇಳಿದಳು. ಆನ್ಸೆಲ್ಮ್ ಗ್ಯಾಲರಿ ಹುಡುಕಿದ. ಭಾನುವಾರ ಸ್ಟೋರಿನಲ್ಲಿ ಹೆಲ್ಮೆಟ್ ಹಾಕಿಕೊಂಡು ತೆಗೆದ, ಯಾರಿಗೂ ಕಳಿಸದ ಒಂದು ಚಿತ್ರ ಸಿಕ್ಕಿತು. ಕಳಿಸಿದ.

“ಕಣ್ಣು ಒಳಗೆ ಹೋಗಿದೆ ನಿಂದು,” ಎಂದು ಅವಳು ಬರೆದಳು. “ಸರಿಯಾಗಿ ನಿದ್ದೆ ಮಾಡು. ನನಗೇನೂ ಬೇಡ, ನೀನು ಗಟ್ಟಿಯಾಗಿ ಬಾ.”

ಆ ಮಧ್ಯಾಹ್ನ ಆಸ್ಪತ್ರೆಗೆ ಹೋದಾಗ ಐಸಿಯುವಿನ ನರ್ಸ್ ಅವನನ್ನು ತಡೆದಳು. ಗ್ರೆಚೆನ್ ಎಂದು ಎದೆಯ ಮೇಲೆ ಹೆಸರಿತ್ತು. ಫಿಲಿಪಿನೋ, ಐವತ್ತರ ಹತ್ತಿರದವಳು.

“ಮನೆಯವರಿಗೆ ಹೇಳಿದಿರಾ?”

“ಹೇಳಿದೆವು.”

“ಹಾಗಾದರೆ ಯಾಕೆ ಯಾರೂ ಫೋನ್ ಮಾಡಿಲ್ಲ? ನಮ್ಮವರು ಇಷ್ಟು ಹೊತ್ತಿಗೆ ಈ ವಾರ್ಡಿನ ಫೋನು ಕೆಡಿಸಿಬಿಡಬೇಕಿತ್ತು. ಅವರಿಂದ ಮಾತಾಡಿಸಿ. ಕಿವಿಯ ಹತ್ತಿರ ಇಡುತ್ತೇನೆ. ಕೇಳುತ್ತದೋ ಇಲ್ಲವೋ ದೇವರಿಗೆ ಗೊತ್ತು. ಆದರೂ ಇಡಬೇಕು.”

ಆಯಿತು ಎಂದ ಆನ್ಸೆಲ್ಮ್. ಗಾಜಿನಾಚೆ ನಾಂತೆಯ ಬಾಯಿಗೆ ಕೊಳವೆ ಹಾಕಿ ಟೇಪು ಅಂಟಿಸಿದ್ದರು. ಎದೆ ಒಂದೇ ಲಯದಲ್ಲಿ ಏರಿ ಇಳಿಯುತ್ತಿತ್ತು.

ಬುಧವಾರ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ, ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚಿ ಕೂತಿದ್ದಾಗ, ನಾಂತೆಯ ಫೋನಿನಲ್ಲಿ ಹೊಸ ಹೆಸರೊಂದು ಮೂಡಿತು. ರೋವೆಲ್. ಆನ್ಸೆಲ್ಮ್ ಒಂದು ಕೈಯಲ್ಲಿ ಅನ್ನ ಕಲಸುತ್ತಾ ಇನ್ನೊಂದು ಕೈಯಲ್ಲಿ ಒತ್ತಿ ತೆರೆದ. ಪರದೆ ತುಂಬಿ ಕೆಳಗೆ ಹರಿಯುವಷ್ಟು ಉದ್ದದ ಪತ್ರ. ಎಲ್ಲ ದ್ವೀಪದ ಮಾತಿನಲ್ಲಿ. ಅನುವಾದಕ್ಕೆ ಹಾಕಿದರೆ ಅರ್ಧ ಬಂತು, ಅರ್ಧ ಹಾಗೇ ಉಳಿಯಿತು. ಬಂದ ಅರ್ಧವೇ ಸಾಕಾಗಿತ್ತು.

ರೋವೆಲ್ ನಾಂತೆಯ ತಮ್ಮ. ಆರು ವರ್ಷದ ಹಿಂದೆ ನಾಂತೆ ಸೌದಿಯಲ್ಲಿದ್ದಾಗ, ಅವನ ಬೈಕಿನಲ್ಲಿ ಅಪ್ಪನನ್ನು ಕೂರಿಸಿಕೊಂಡು ಕುಡಿದು ಓಡಿಸಿದವನು. ಅಪ್ಪ ಅಲ್ಲೇ ತೀರಿಕೊಂಡಿದ್ದರು. ಅಂದಿನಿಂದ ನಾಂತೆ ಅವನೊಡನೆ ಮಾತು ಬಿಟ್ಟಿದ್ದ. ಮಂಗಳವಾರ ಆನ್ಸೆಲ್ಮ್ ಲೈಕ್ ಒತ್ತಿದ ಮುದುಕನ ಫೋಟೋ ಆ ಅಪ್ಪನದೇ. ಪುಣ್ಯತಿಥಿಗೆಂದು ರೋವೆಲ್ ಹಾಕಿದ್ದು. “ಅಣ್ಣಾ, ನೀನು ಅಪ್ಪನ ಫೋಟೋಗೆ ಒತ್ತಿದ್ದು ನೋಡಿದೆ,” ಎಂದು ಪತ್ರ ಶುರುವಾಗಿತ್ತು. “ಆರು ವರ್ಷದಲ್ಲಿ ಮೊದಲ ಸಲ. ನಿನ್ನೆಯಿಂದ ನಾನು ನಿದ್ದೆ ಮಾಡಿಲ್ಲ. ಕುಡಿಯುವುದು ಬಿಟ್ಟು ನಾಲ್ಕು ವರ್ಷವಾಯಿತು. ಕ್ಷಮಿಸು ಎಂದು ಕೇಳುವ ಯೋಗ್ಯತೆ ಇಲ್ಲ. ಬೈಯಬೇಕೆಂದರೂ ಸರಿ, ಒಂದು ಮಾತು ಬರೆ.”

ಆನ್ಸೆಲ್ಮನ ತುತ್ತು ಕೈಯಲ್ಲೇ ಉಳಿಯಿತು.

ಅವನಿಗೆ ಗೊತ್ತಿದ್ದ ಇನ್ನೊಂದು ಸಂಗತಿಯಿತ್ತು. ಆಗಸ್ಟಿನ ಒಂದು ಶುಕ್ರವಾರ, ಪೂಜೆ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ನಾಂತೆ ಹೇಳಿದ್ದ: ಕ್ರಿಸ್ಮಸ್ಸಿಗೆ ಹೋದಾಗ ಏರ್‌ಪೋರ್ಟಿನಿಂದ ಸೀದಾ ತಮ್ಮನ ಮನೆಗೆ ಹೋಗುತ್ತೇನೆ, ಜೆನ್‌ಗೂ ಹೇಳಿಲ್ಲ, ಅವನು ಬಾಗಿಲು ತೆರೆದಾಗ ಅವನ ಮುಖ ನೋಡಬೇಕು. ಹೇಳುವಾಗ ನಾಂತೆಯ ಕಣ್ಣು ಒದ್ದೆಯಾಗಿ, ಬೆವರು ಒರೆಸಿದಂತೆ ಒರೆಸಿಕೊಂಡಿದ್ದ.

ಮೆಸೇಜಿನ ಕೆಳಗೆ ಆಗಲೇ ಸಣ್ಣ ಅಕ್ಷರದಲ್ಲಿ ಸೀನ್ ಎಂದು ಬಿದ್ದಿತ್ತು. ಓದಿದ್ದಾನೆ ಎಂದು ಆಚೆಯವನಿಗೆ ತಿಳಿಯುವ ಗುರುತು ಅದು. ಫಿಲಿಪಿನೋಗಳಿಗೆ ಅದರಷ್ಟು ನೋಯಿಸುವುದು ಬೇರೆ ಇಲ್ಲ. ಓದಿಯೂ ಉತ್ತರ ಕೊಡದವನೆಂದರೆ ಮುಖದ ಮೇಲೆ ಬಾಗಿಲು ಹಾಕಿದವನ ಹಾಗೆ. ಅಂಥ ಜಗಳಗಳನ್ನು ಆನ್ಸೆಲ್ಮನೇ ಎಷ್ಟೋ ಸಲ ಬಿಡಿಸಿದ್ದ. ಏನಾದರೂ ಬರೆಯೋಣವೆಂದು ಬೆರಳಿಟ್ಟ. ಅಣ್ಣ ತಮ್ಮಂದಿರು ಇಂಗ್ಲಿಷಿನಲ್ಲಿ ಮಾತಾಡುವುದಿಲ್ಲ. ಒಂದು ಪದ ಆಚೀಚೆಯಾದರೆ ಸಿಕ್ಕಿಬೀಳುವುದು ಖಂಡಿತ. ಒಂದು ಹಾರ್ಟ್ ಒತ್ತಿದರೂ ಸಾಕು. ಒತ್ತಿದರೆ ರೋವೆಲ್ ಕೂಡಲೇ ಕಾಲ್ ಮಾಡುತ್ತಾನೆ, ಮತ್ತೆ ಮತ್ತೆ ಮಾಡುತ್ತಾನೆ.

ದೊರೆಸ್ವಾಮಿಗೆ ಫೋನ್ ಮಾಡಿ ಕೇಳಿದ.

“ಅಯ್ಯೋ, ಅವರ ಮನೆ ಜಗಳ ನಮಗ್ಯಾಕಪ್ಪಾ,” ಎಂದರು ಅವರು. “ಬಿಟ್ಟುಬಿಡು. ನಾಳೆ ಹನ್ನೆರಡಕ್ಕೆ ಖಲಾಸ್.”

ಬಿಟ್ಟ. ಅನ್ನ ತಿಂದು ಮುಗಿಸಿದ. ಸ್ವಲ್ಪ ಹೊತ್ತಿಗೆ ರೋವೆಲನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಬಂತು. ಇನ್ನೂ ಸ್ವಲ್ಪ ಹೊತ್ತಿಗೆ, “ಪರವಾಗಿಲ್ಲ ಅಣ್ಣ, ಅರ್ಥವಾಯಿತು,” ಎಂದು. ಅದನ್ನು ಆನ್ಸೆಲ್ಮ್ ತೆರೆಯದೆಯೇ ಮೇಲಿನ ಪಟ್ಟಿಯಲ್ಲಿ ಓದಿದ.

ನಾಲ್ಕು ಗಂಟೆಗೆ ಆಸ್ಪತ್ರೆಗೆ ಹೋದಾಗ ಗ್ರೆಚೆನ್ ಅವನನ್ನು ಲಿಫ್ಟಿನ ಪಕ್ಕಕ್ಕೆ ಕರೆದಳು. ತನ್ನ ಫೋನು ತೆರೆದು ಅವನ ಮುಖದ ಮುಂದೆ ಹಿಡಿದಳು. ಪ್ರಿನ್ಸೆಸಳ ಹಾಡಿನ ವಿಡಿಯೋ. ಅದರ ಕೆಳಗೆ ನಾಂತೆಯ ಹೆಸರಿನಲ್ಲಿ, ಹೆಮ್ಮೆಯ ಪಪ್ಪಾ.

“ಸೋಮವಾರದಿಂದ ನನ್ನ ಪೇಷೆಂಟ್ ಕಣ್ಣು ಬಿಟ್ಟಿಲ್ಲ. ಇದನ್ನು ಯಾರು ಬರೆದದ್ದು?”

ಆನ್ಸೆಲ್ಮ್ ನೆಲ ನೋಡಿದ.

“ಹೆಂಡತಿಗೆ ಹಾರ್ಟ್ ಪ್ರಾಬ್ಲಮ್ ಇದೆ. ಶಾಕ್ ಆಗಬಾರದು ಅಂತ...”

“ಸುಳ್ಳು.” ಅವಳು ಧ್ವನಿ ಏರಿಸಲಿಲ್ಲ. “ಪೇಷೆಂಟಿನ ವಿಷಯ ನಾನು ಹೊರಗೆ ಹೇಳಿದರೆ ನನ್ನ ಲೈಸೆನ್ಸ್ ಹೋಗುತ್ತದೆ. ಊರಲ್ಲಿ ನನ್ನ ಮೂವರು ಮಕ್ಕಳು ನನ್ನನ್ನೇ ನಂಬಿದ್ದಾರೆ. ಅದು ನಿಮಗೆ ಗೊತ್ತು, ಅದಕ್ಕೇ ಇಷ್ಟು ಧೈರ್ಯ. ಇವತ್ತು ಅವನ ಬಿಪಿ ಬೀಳುತ್ತಿದೆ. ನೀವು ಮನುಷ್ಯರೇ ಆಗಿದ್ದರೆ ಸಂಜೆಯೊಳಗೆ ಆ ಹೆಂಗಸಿಗೆ ಹೇಳಿ.”

ಹೇಳುತ್ತೇನೆ ಎಂದ. ಕಾರಿಗೆ ಬಂದು ಕೂತು ದೊರೆಸ್ವಾಮಿಗೆ ಮತ್ತೆ ಫೋನ್ ಮಾಡಿದ. ಅವರು ಬೇಸರಿಸಲಿಲ್ಲ. ಇಷ್ಟು ಮಾಡಿದ್ದೀಯ, ಇನ್ನು ಹತ್ತೊಂಬತ್ತು ಗಂಟೆ, ಎಂದರು. ಹಿಲ್ಡಾಳ ಪತ್ರದ ವಿಷಯ ತಾವಾಗಿಯೇ ತೆಗೆದು, ನಾಳೆ ನೆನಪು ಮಾಡು ಎಂದರು. ಆ ಸಂಜೆ ಆನ್ಸೆಲ್ಮ್ ಜೆನಲಿನಳಿಗೆ ಕರಡಿಮರಿಯ ಸ್ಟಿಕರ್ ಕಳಿಸಿದ. ಗುರುವಾರ ಬೆಳಿಗ್ಗೆ ಏಳಕ್ಕೆ, ಸೈಟಿಗೆ ಹೋಗುವ ದಾರಿಯಲ್ಲಿ, ಗುಡ್ ಮಾರ್ನಿಂಗ್ ಮಹಲ್ ಎಂದು ಬರೆದ.

ನಾಂತೆ ತೀರಿಕೊಂಡದ್ದು ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ. ಯುರೋಪಿನ ತಂಡ ಹತ್ತಕ್ಕೆ ಬಂತು, ಕ್ಯಾಂಟೀನಿನ ಹೊಸ ಕುರ್ಚಿಗಳಲ್ಲಿ ಕೂತು ಬಿರಿಯಾನಿ ತಿಂದು, ಬೊಯೆಟನ ಜೊತೆ ಫೋಟೋ ತೆಗೆಸಿಕೊಂಡು, ಹನ್ನೆರಡೂಕಾಲಿಗೆ ಹೊರಟಿತು. ಅದು ಹೋದ ಮೇಲೆ ಆನ್ಸೆಲ್ಮ್ ಆಸ್ಪತ್ರೆಗೆ ಓಡಿದ. ಮಂಚ ಖಾಲಿಯಾಗಿತ್ತು, ಒಬ್ಬ ಆಯಾ ಅದರ ಕಂಬಿಗಳನ್ನು ಒರೆಸುತ್ತಿದ್ದಳು.

ಗ್ರೆಚೆನ್ ಕಾಗದಗಳನ್ನು ಕೊಟ್ಟು ಸಹಿ ತೋರಿಸಿದಳು. ಅವನು ಸಹಿ ಹಾಕಿ ಮುಗಿಸಿದ ಮೇಲೆ ಹೇಳಿದಳು: “ಒಂಬತ್ತು ಗಂಟೆಗೇ ಗೊತ್ತಾಯಿತು ನನಗೆ. ಮಗಳ ಹಾಡನ್ನು ನನ್ನ ಫೋನಿನಲ್ಲಿ ಹಾಕಿ ಕಿವಿಯ ಹತ್ತಿರ ಇಟ್ಟೆ. ನಾಲ್ಕು ಸಲ ಹಾಕಿದೆ. ನನ್ನ ಕೈಲಾದದ್ದು ಅಷ್ಟು.” ಮತ್ತೆ ಅವನ ಕಡೆ ನೋಡಲಿಲ್ಲ.

ಜೆನಲಿನಳಿಗೆ ಫೋನ್ ಮಾಡಿದ್ದು ಆನ್ಸೆಲ್ಮನೇ, ಈ ಸಲ ತನ್ನ ಹೆಸರಿನಲ್ಲಿ. ಸೋಮವಾರ ಸ್ವಲ್ಪ ಹುಷಾರಿಲ್ಲವೆಂದು ಸೇರಿಸಿದ್ದೆವು, ನಿಮಗೆ ಹೇಳುವುದು ಬೇಡವೆಂದು ಅವನೇ ಹಟ ಹಿಡಿದ, ಚೆನ್ನಾಗಿಯೇ ಇದ್ದ, ಬೆಳಿಗ್ಗೆ ಇದ್ದಕ್ಕಿದ್ದಂತೆ ಹೃದಯ ನಿಂತಿತು ಎಂದ. ದೊರೆಸ್ವಾಮಿ ಬರೆದುಕೊಟ್ಟದ್ದನ್ನೇ ಓದಿದ.

“ಇಲ್ಲ,” ಎಂದಳು ಅವಳು. “ಇಲ್ಲ, ಇಲ್ಲ. ಬೆಳಿಗ್ಗೆ ಅವನು ನನಗೆ ಗುಡ್ ಮಾರ್ನಿಂಗ್ ಹೇಳಿದ್ದಾನೆ. ನೀವು ಬೇರೆ ಯಾರನ್ನೋ ನೋಡಿದ್ದೀರಿ. ಹೋಗಿ ಸರಿಯಾಗಿ ನೋಡಿ.”

ಆಮೇಲೆ ಆ ಕಡೆಯಿಂದ ಬಂದ ಕೂಗು ಫೋನಿನಿಂದ ಹೊರಬಿದ್ದು ಇಡೀ ಆಫೀಸಿಗೆ ಕೇಳಿತು. ದೊರೆಸ್ವಾಮಿ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು.

ಒಂದು ಗಂಟೆಯೊಳಗೆ ಫೇಸ್‌ಬುಕ್ಕಿನ ತುಂಬ ಮೇಣದ ಬತ್ತಿಗಳು. ಆದರೆ ಯಾರೂ ಕಂಪನಿಯನ್ನು ಬೈಯಲಿಲ್ಲ. ಕೊನೆಯವರೆಗೂ ಅವನ ಜೊತೆಗಿದ್ದ ಅಣ್ಣ ಎಂದು ಬೊಯೆಟ್ ಆನ್ಸೆಲ್ಮನ ಫೋಟೋ ಹಾಕಿದ. ಅದರ ಕೆಳಗೆ ಗುರುತಿಲ್ಲದ ನೂರಾರು ಜನ ದೇವರು ನಿಮ್ಮನ್ನು ಹರಸಲಿ ಎಂದು ಬರೆದರು. ನಾಂತೆಯ ತಾಯಿ, ಎಪ್ಪತ್ತು ದಾಟಿದವಳು, ಮೊಮ್ಮಗಳಿಂದ ಬರೆಸಿ, ನನ್ನ ಮಗನಿಗೆ ನೀರು ಕೊಟ್ಟ ಕೈಗೆ ಮುತ್ತು ಎಂದು ಕಳಿಸಿದಳು. ಹಿಲ್ಡಾ ಊರಿನಿಂದ ಅದನ್ನೆಲ್ಲ ನೋಡಿ, “ಏನು ರೀ, ನೀವು ನನಗೆ ಒಂದೂ ಹೇಳಲಿಲ್ಲ,” ಎಂದು ಫೋನಿನಲ್ಲಿ ಅತ್ತಳು. ಅವಳ ವೀಸಾದ ಪತ್ರಕ್ಕೆ ಭಾನುವಾರ ಸಹಿ ಬಿತ್ತು.

ರೋವೆಲನ ಮೆಸೇಜು ಬಂದದ್ದು ಅದೇ ಭಾನುವಾರ, ಆನ್ಸೆಲ್ಮನ ಸ್ವಂತ ಫೋನಿಗೆ. ಕಷ್ಟಪಟ್ಟು ಜೋಡಿಸಿದ ಇಂಗ್ಲಿಷು.

“ಸರ್, ನಾನು ರೇನಾಂತೆಯ ತಮ್ಮ. ಬುಧವಾರ ಅಣ್ಣನಿಗೆ ಒಂದು ಮೆಸೇಜ್ ಕಳಿಸಿದ್ದೆ. ನಿಮ್ಮಲ್ಲಿ ಎರಡು ಗಂಟೆ ಹನ್ನೆರಡು ನಿಮಿಷವಾಗಿದ್ದಾಗ ಸೀನ್ ಎಂದು ಬಂತು. ನೀವು ಜೊತೆಗಿದ್ದಿರಂತೆ. ಓದಿದ್ದು ಅವನೇನಾ? ಅಥವಾ ತುಂಬಾ ಹುಷಾರಿಲ್ಲದೆ ಬೇರೆ ಯಾರಾದರೂ ಫೋನ್ ಹಿಡಿದಿದ್ದರಾ? ದಯವಿಟ್ಟು ನಿಜ ಹೇಳಿ. ನಾನು ಯಾರಿಗೂ ಹೇಳುವುದಿಲ್ಲ.”

ಆನ್ಸೆಲ್ಮ್ ಅದನ್ನು ಮೂರು ಸಲ ಓದಿದ. ರೂಮಿನ ತನ್ನ ಮಂಚದ ಮೇಲೆ ಕೂತಿದ್ದ. ಪಕ್ಕದ ಮಂಚದವನು ಇಸ್ತ್ರಿ ಹಾಕುತ್ತಿದ್ದ. ಓದಿದ್ದು ನಾಂತೆಯಲ್ಲ ಎಂದರೆ, ಮತ್ತೆ ಯಾರು? ಹೆಮ್ಮೆಯ ಪಪ್ಪಾ ಎಂದು ಬರೆದವರು ಯಾರು? ಜೆನಲಿನಳಿಗೆ ನಾಲ್ಕು ದಿನ ಸ್ಟಿಕರ್ ಕಳಿಸಿದವರು ಯಾರು? ಎಳೆ ಎಳೆದರೆ ಸೀರೆಯೇ ಬಿಚ್ಚುತ್ತದೆ. ಯಾರಿಗೂ ಹೇಳುವುದಿಲ್ಲ ಎನ್ನುತ್ತಾನೆ. ಇವರು ಹೇಳದೆ ಇಟ್ಟುಕೊಂಡದ್ದು ಯಾವುದಿದೆ? ಇನ್ನೊಂದು ದಾರಿಯೂ ಹೊಳೆಯಿತು: ಓದಿದ್ದು ಅವನೇ, ಬರೆಯಲು ಶಕ್ತಿಯಿರಲಿಲ್ಲ, ಕ್ರಿಸ್ಮಸ್ಸಿಗೆ ನಿನ್ನ ಮನೆಗೇ ಬರುವವನಿದ್ದ ಎಂದು ಹೇಳಿಬಿಡಬಹುದು. ಅದಕ್ಕೆ ಬೆರಳನ್ನೂ ಇಟ್ಟ. ಆಮೇಲೆ ರೋವೆಲ್ ಕೇಳುತ್ತಾನೆ, ಶಕ್ತಿಯಿಲ್ಲದವನು ಬೆಳಿಗ್ಗೆ ಗುಡ್ ಮಾರ್ನಿಂಗ್ ಹೇಗೆ ಬರೆದ ಎಂದು. ಮಾತಿಗೆ ಮಾತು ಬೆಳೆಯುತ್ತದೆ. ದೊರೆಸ್ವಾಮಿ ಒಂದು ಸಲ ಹೇಳಿದ್ದರು: ಕಡಿಮೆ ಮಾತಾಡಿದವನಿಗೆ ಕಡಿಮೆ ಪ್ರಶ್ನೆ.

“ಅವರೇ ಓದಿದ್ದು,” ಎಂದು ಬರೆದ. “ಬುಧವಾರ ಅವರು ಚೆನ್ನಾಗಿದ್ದರು.”

ಉತ್ತರ ಕೂಡಲೇ ಬಂತು. “ಏನಾದರೂ ಹೇಳಿದನಾ?”

“ಇಲ್ಲ.”

ರೋವೆಲ್ ಏನೋ ಬರೆಯುತ್ತಿದ್ದಾನೆಂಬ ಮೂರು ಚುಕ್ಕಿಗಳು ಕುಣಿದವು, ನಿಂತವು, ಮತ್ತೆ ಕುಣಿದವು. ಬಹಳ ಹೊತ್ತಿನ ಮೇಲೆ ಬಂದದ್ದು ಇಷ್ಟೇ: “ಥ್ಯಾಂಕ್ಯೂ ಸರ್. ಗೊತ್ತಾಗದೆ ಇರುವುದಕ್ಕಿಂತ ಇದು ಒಳ್ಳೆಯದು.”

ಹೆಣ ಊರಿಗೆ ಮುಟ್ಟಲು ಹನ್ನೊಂದು ದಿನ ಹಿಡಿಯಿತು. ಮಣ್ಣು ಮಾಡಿದ್ದು ಒಂದು ಶುಕ್ರವಾರ. ಅಲ್ಲಿಯ ಮಧ್ಯಾಹ್ನ ಒಂದು ಗಂಟೆಯೆಂದರೆ ದೋಹಾದಲ್ಲಿ ಬೆಳಿಗ್ಗೆ ಎಂಟು. ಜೆನಲಿನಳ ತಂಗಿ ಎಲ್ಲವನ್ನೂ ಲೈವ್ ತೋರಿಸುತ್ತಿದ್ದಳು. ಕ್ಯಾಂಪಿನವರು ಇಗರ್ಜಿಗೆ ಹೊರಡುವ ಮೊದಲು ಕ್ಯಾಂಟೀನಿನ ಟಿವಿಗೆ ಅದನ್ನು ಜೋಡಿಸಿ, ಇಸ್ತ್ರಿ ಮಾಡಿದ ಅಂಗಿಗಳಲ್ಲಿ ಸಾಲಾಗಿ ಕೂತರು. ಆನ್ಸೆಲ್ಮನಿಗೆ ಮುಂದಿನ ಕುರ್ಚಿ ಬಿಟ್ಟುಕೊಟ್ಟರು.

ಬಿಳಿ ಪೆಟ್ಟಿಗೆ, ಬಿಳಿ ಹೂ, ಬಿಳಿ ಅಂಗಿಯ ಜನ. ಪ್ರಿನ್ಸೆಸ್ ಅಪ್ಪನ ಫೋಟೋ ಎದೆಗವಚಿಕೊಂಡು ಮುಂದೆ ನಡೆಯುತ್ತಿದ್ದಳು. ಜೆನಲಿನಳನ್ನು ಇಬ್ಬರು ಹಿಡಿದುಕೊಂಡಿದ್ದರು. ಪರದೆಯ ಪಕ್ಕದಲ್ಲಿ ಹಾರ್ಟುಗಳು, ಅಳುವ ಮುಖಗಳು ಗುಳ್ಳೆಗಳ ಹಾಗೆ ಏರುತ್ತಿದ್ದವು. ಸ್ಮಶಾನದ ಗೇಟು ದಾಟುವಾಗ ಕ್ಯಾಮೆರಾ ಒಂದು ಕ್ಷಣ ರಸ್ತೆಯಾಚೆ ತಿರುಗಿತು. ಅಂಗಡಿಯೊಂದರ ಮಾಡಿನ ಕೆಳಗೆ ಒಬ್ಬ ಗಂಡಸು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

“ಅವನೇ ರೋವೆಲ್,” ಎಂದ ಬೊಯೆಟ್. “ಒಳಗೆ ಬರುವುದಿಲ್ಲವಂತೆ.”

ಯಾರೋ ಯಾಕೆಂದು ಕೇಳಿದರು.

“ನಾಂತೆಗೆ ಇಷ್ಟವಿರಲಿಲ್ಲ, ನಾನು ಬಂದರೆ ಅವನ ಆತ್ಮಕ್ಕೆ ಶಾಂತಿಯಿಲ್ಲ, ಎನ್ನುತ್ತಾನಂತೆ. ಎಂಥ ನೆಪ ನೋಡಿ. ಅಪ್ಪನನ್ನು ಕೊಂದವನು, ಅಣ್ಣನ ಪೆಟ್ಟಿಗೆಗೆ ಹೆಗಲೂ ಕೊಡಲಿಲ್ಲ.”

ಟಿವಿಯಲ್ಲಿ ಕಾಮೆಂಟುಗಳು ಓಡುತ್ತಿದ್ದವು. ನಾಚಿಕೆಯಿಲ್ಲದವನು, ಕಲ್ಲೆದೆಯವನು, ಹೊರಗೇ ಇರಲಿ ಬಿಡಿ. ಒಬ್ಬರು ಬರೆದದ್ದಕ್ಕೆ ಹತ್ತು ಜನ ಒತ್ತುತ್ತಿದ್ದರು. ಕ್ಯಾಂಟೀನಿನಲ್ಲಿದ್ದವರೂ ತಮ್ಮ ತಮ್ಮ ಫೋನು ತೆಗೆದು ಬರೆಯತೊಡಗಿದರು. ಆನ್ಸೆಲ್ಮ್ ತನ್ನದನ್ನು ತೆಗೆದ. ನಾಂತೆ ಅವನನ್ನು ಕ್ಷಮಿಸಿದ್ದ, ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದ. ಮೂರೇ ಪದ. ಹೇಗೆ ಗೊತ್ತು ಎಂದು ಒಬ್ಬ ಕೇಳಿದರೂ ಸಾಕು. ಒಂದೊಂದೇ ಅಕ್ಷರವಾಗಿ ಅಳಿಸಿದ.

“ಕುಯಾ, ನೀವೊಂದು ಮಾತು ಬರೆಯಿರಿ,” ಎಂದ ಬೊಯೆಟ್, ಅವನ ಭುಜ ಹಿಡಿದು. “ನೀವು ಬರೆದರೆ ಜೆನ್‌ಗೆ ಸಮಾಧಾನ.”

ಹೊರಗೆ ಬಸ್ಸಿನ ಡ್ರೈವರ್ ಹಾರ್ನ್ ಹೊಡೆದು ಯಲ್ಲಾ, ಯಲ್ಲಾ, ಹೊರಡಿ ಎಂದು ಕೂಗಿದ. ಶಾಂತಿಯಿಂದ ಮಲಗು ತಮ್ಮಾ ಎಂದು ಆನ್ಸೆಲ್ಮ್ ಬರೆದು ಕಳಿಸಿದ. ಬಾಗಿಲಲ್ಲಿ ನಿಂತು ತಲೆ ಎಣಿಸಿ ಎಲ್ಲರನ್ನೂ ಬಸ್ಸಿಗೆ ಹತ್ತಿಸಿದ. ಇಗರ್ಜಿಯ ಹತ್ತಿರ ಇಳಿಯುವಾಗ ಫೋನು ನೋಡಿದರೆ ಅವನ ಮಾತಿಗೆ ತೊಂಬತ್ತಕ್ಕಿಂತ ಹೆಚ್ಚು ಹಾರ್ಟುಗಳು ಬಿದ್ದಿದ್ದವು. ಹೆಸರುಗಳನ್ನು ಮೇಲಿನಿಂದ ಕೆಳಗೆ ನೋಡುತ್ತಾ ಬಂದ. ಅವುಗಳಲ್ಲಿ ಒಂದು ರೋವೆಲನದು.